ಪಾರಿವಾಳದ ವಹಿ

ಈ ವಹಿಯ ಮೊದಲ ನಲವತ್ತು ಪುಟ ಪಾರಿವಾಳದವು.
ಹಾರಿದ ಹೊತ್ತು, ಇಳಿದ ಹೊತ್ತು, ಗಾಳಿ ಯಾವ ಕಡೆಯದು.
ಜರ್ದಾ: ಮುಂಜಾನೆ ಆರೂವರಿಗೆ ಬಿಟ್ಟದ್ದು ಸಂಜಿ ನಾಕಕ್ಕ ಬಂತು.
ಕಾಲಿಮುಖಿ: ಬರಲಿಲ್ಲ.
ನಲವತ್ತೊಂದನೇ ಪುಟದಿಂದ ನಾನು.

ಬಾಯಿ ಮುಕ್ಕಳಿಸಿ, ಬಿಳಿ ಕೊಳವಿ ಕಚ್ಚಿ
ಕಣ್ಣು ಮುಚ್ಚಿ ಊದತೀನಿ.
ಎರಡು ಪಾಯಿಂಟ್ ಒಂದು. ನಿನ್ನಿ ಎರಡು ಪಾಯಿಂಟ್ ಎರಡು.
ಅಂಕಿ ಒಂದು ಎಳಿ ಇಳಿದರೂ
ನಮ್ಮ ಮನಿಯಾಗ ಚಹಾ ಆರಿ ಕೆನಿ ಕಟ್ಟತದ.

ಬೀಡಿ ಮುಟ್ಟಿದವನಲ್ಲ ನಾ.
ವಿಜಾಪುರದ ಎಲ್ಲಾ ದವಾಖಾನಿ ಕೇಳಿದ್ದು ಬೀಡಿ, ಸಿಗರೇಟು, ಕ್ಷಯ.
ಹೈದರಾಬಾದಿನ ಡಾಕ್ಟರಮ್ಮ ಒಬ್ಬಾಕಿ
ನನ್ನ ಅಂಗಿ ತೋಳಿಗೆ ಅಂಟಿದ್ದ
ಉಗುರಿನಷ್ಟು ಪುಕ್ಕ ಚಿಮಟಿಯಿಂದ ಎತ್ತಿ
ಮನ್ಯಾಗ ಏನು ಸಾಕೀರಿ, ಅಂದಳು.
ಇಪ್ಪತ್ತೆರಡು, ಅಂದೆ. ಹೆಸರು ಸೈತ ಹೇಳಿದೆ.

ಎದಿ ಅಡ್ಡ, ಈ ಬಗಲಿಂದ ಆ ಬಗಲಿಗೆ ಕೊಯ್ದಾರ.
ಮೂವತ್ತು ವರ್ಷ ಮಷೀನ ತುಳದವ ನಾ, ಕನ್ನಡಿಯಾಗ ನೋಡಿದೆ.
ಟಾಕಿ ಸಮ ಬಿದ್ದಾವ. ಎಡಕ್ಕ ಮಾತ್ರ ತುಸು ಎಳದಾರ,
ಅವಸರ ಇತ್ತೇನೋ.
ಒಳಗಿನದು ಯಾರದು, ಹೇಳೂದಿಲ್ಲ ಅವರು.
ನನಗ ಗೊತ್ತಿದ್ದದ್ದು ಇಷ್ಟ:
ಆ ರಾತ್ರಿ ಎಲ್ಲೋ ಒಂದು ವರಾಂಡಾದಾಗ
ಯಾರದೋ ಕೈ ನಡುಗಿ ಸಹಿ ಮಾಡಿತ್ತು.

ಈಗ ನನ್ನ ಕೈ ನಡುಗತದ, ಗುಳಿಗಿಯ ಕಾಟ.
ಕಾಜಾ ಹಾಕಾಕ ಆಗೂದಿಲ್ಲ, ಸೂಜಿಗೆ ದಾರ ಮಗಳು ಪೋಣಸತಾಳ.
ಮುಂಜಾನೆ ಒಂಬತ್ತು, ರಾತ್ರಿ ಒಂಬತ್ತು. ಹೊತ್ತು ತಪ್ಪಾಂಗಿಲ್ಲ.
ರಮಜಾನಿನಾಗ ಸಹರಿಗೆ ಓಣಿ ಎದ್ದರ ನಾನೂ ಏಳತೀನಿ,
ಸುಮ್ಮನ ಕೂಡತೀನಿ.
ರೊಟ್ಟಿ ಜೋಡಿ ಹಕ್ಕರಕಿ ಇಲ್ಲ. ಚಕ್ಕೋತ ಇಲ್ಲ.
ಗೋಳಗುಮ್ಮಟ ಇಲ್ಲ, ಅಲ್ಲೆ ಕಮಾನಿನ ತುಂಬ ಅವೇ ಅದಾವು.

ಒಂದು ಮಾತು ಯಾರಿಗೂ ನಂಬಿಕಿ ಬರೂದಿಲ್ಲ.
ಹೊಸ ಎದಿಗೆ ಕೆಮ್ಮು ಬರೂದಿಲ್ಲ.
ಹೊಲಿಗಿ ಕೆಳಗ ನರ ಕೂಡಿಲ್ಲ, ಕಫ ಬಂದು ಕುಂತರ ಸುದ್ದಿ ಮುಟ್ಟೂದಿಲ್ಲ.
ನೆನಪು ಮಾಡಿಕೊಂಡು ಕೆಮ್ಮಬೇಕು.
ಐದು ವರ್ಷ ಕೆಮ್ಮಿ ಕೆಮ್ಮಿ ಮಂದಿಯ ನಿದ್ದಿ ಕೆಡಿಸಿದವ
ಗಡಿಯಾರ ನೋಡಿ ಕೆಮ್ಮತೀನಿ ಈಗ.
ರಾಜಮಾ ಅಡಿಗಿ ಮನಿಯಿಂದ ಕೇಳತಾಳ:
ಕೆಮ್ಮಿದ್ರಿ?

ವಾರ್ಡಿನಾಗ ಸಂಗಾತ ಇದ್ದವರು ನಾಕು ಮಂದಿ.
ಮೂರು ತಿಂಗಳಿಗೊಮ್ಮೆ ಅದೇ ಬಾಕಿನ ಮ್ಯಾಲ ಕುಂತು
ಅಂಕಿ ಅಂಕಿ ತಾಳಿ ನೋಡತಿದ್ವಿ.
ತೇರದಾಳದ ಸತ್ತೆಪ್ಪ ಮೂರನೇ ವರ್ಷ
ಹತ್ತು ದಿನದಾಗ ಒಂದು ಪಾಯಿಂಟಿಗೆ ಬಂದ.
ಆಮ್ಯಾಲ ಬರಲಿಲ್ಲ.
ಬರದಿಟ್ಟೀನಿ, ಕಾಲಿಮುಖಿ ಬರದಂಗ.

ಹಕ್ಕಿ ಎಲ್ಲಾ ಜೋರಾಪುರ ಪ್ಯಾಟಿಗೆ ಕೊಟ್ಟೆ.
ಗೂಡು ಸುಟ್ಟರು, ಮಾಳಿಗಿಗೆ ಎರಡು ಸಲ ಸುಣ್ಣ ಬಳದರು.
ಕೊಟ್ಟದ್ದು ಮನಿಗೆ ಗೊತ್ತು.
ಜರ್ದಾಗ ಯಾರು ಹೇಳಬೇಕು?
ನಾಕು ವರ್ಷದಾಗ ಇದು ಎಷ್ಟನೇ ಸಲವೋ.
ರಾಜಮಾ ಹಸಿ ಅರಿವಿ ಬೀಸಿ ಬೀಸಿ ಅಟ್ಟತಾಳ,
ಬೈತಾಳ, ಆಮ್ಯಾಲ ಸೆರಗಿಗೆ ಮೂಗು ಒರಸತಾಳ.

ಇವತ್ತು ಆಕಿ ಸಂತಿಗೆ ಹೋಗ್ಯಾಳ.
ಮುಚ್ಚಿದ ಕಿಡಕಿಯ ಗಾಜಿನ ಆಚಿ, ಗೋಡಿ ಮ್ಯಾಲ ಅದು.
ಮುದಿ ಆಗ್ಯದ. ಬಲಗಾಲಿನ ಉಂಗುರ ನಾ ಹಾಕಿದ್ದು, ಹಂಗ ಅದ.
ಕತ್ತು ಕೊಂಕಿಸಿ ನನ್ನ ಮುಖವಾಡ ನೋಡಿತು,
ಮಾರಿ ಉಬ್ಬಿದ ಈ ಮನಶಾ ಯಾರು ಅನ್ನೂವಂಗ.
ಗಾಜಿಗೆ ಬೆರಳು ಹಚ್ಚಿದೆ. ತಗದೆ.
ಆಗ ನೆನಪಾತು, ಮುಂಜಾನಿಂದ ಕೆಮ್ಮಿಲ್ಲ.
ಕೆಮ್ಮಿದೆ.
ಅದು ಹಾರಿತು.

ವಹಿ ತಗದು ಬರದೆ:
ಜರ್ದಾ. ಗಾಳಿ ಪಡುವಣದ್ದು. ಎಂಟು ಐವತ್ತೆರಡು.
ಗುಳಿಗಿಗೆ ಇನ್ನೂ ಎಂಟು ನಿಮಿಷ ಅದಾವು.